ಏಣಿಗೆ ಬಿದ್ದ ಓಟು

ಆ ಲೋಕಸಭಾ ಕ್ಷೇತ್ರಕ್ಕೆ ಅದೇ ಕೊನೆಯ ಚುನಾವಣೆ. ಆಮೇಲೆ ಅದನ್ನು ಒಡೆದು ಅಕ್ಕಪಕ್ಕದ ಕ್ಷೇತ್ರಗಳಿಗೆ ಹಂಚಲಿದ್ದರು. ಪ್ರತಿ ಸಲವೂ ಏಣಿ ಗುರುತಿನಲ್ಲಿ ಪಕ್ಷೇತರನಾಗಿ ನಿಂತು ಠೇವಣಿ ಕಳೆದುಕೊಳ್ಳುತ್ತಿದ್ದ ಮುದುಕ ಈ ಸಲವೂ ನಿಂತಿದ್ದ. ಸ್ವಂತ ಊರಿನ ಮತಗಟ್ಟೆಯಲ್ಲೂ ಅವನಿಗೆ ಬೀಳುತ್ತಿದ್ದುದು ಯಾವಾಗಲೂ ಒಂದೇ ಓಟು.

ಎಣಿಕೆ ಕೇಂದ್ರದಲ್ಲಿ ಅವನ ಏಜೆಂಟಾಗಿ ಪಕ್ಕದಲ್ಲಿ ಕೂತವನು ಬೇರೆ ಊರಿನ ಬಾಮೈದ.

"ಭಾವ, ಆ ಒಂದು ಓಟು ನಿಮ್ಮದೇ ಅಂತಾರೆ ಜನ."

"ನನಗೆ ನಾನೇ ಯಾವತ್ತೂ ಹಾಕ್ಕೊಂಡಿಲ್ಲ. ತನ್ನ ಎಲೆಗೆ ತಾನೇ ಬಡಿಸ್ಕೊಂಡಂಗೆ ಅದು. ಎದುರಾಳಿಗೇ ಹಾಕಿದೀನಿ. ಆ ಒಂದು ನಿಮ್ಮಕ್ಕಂದು."

"ಅಕ್ಕ ತವರಿನೋರ ಪಕ್ಷಕ್ಕೇ ಹಾಕ್ತಿದ್ಲು ಅಂತಾರಲ್ಲ ನಿಮ್ಮೂರೋರು."

"ಅಂತಾರೆ. ನಾನು ಅವಳನ್ನ ಕೇಳಿಲ್ಲ. ಓಟು ಯಾರಿಗೆ ಅಂತ ಹೆಂಡ್ತೀನ್ನೂ ಕೇಳಬಾರದು."

"ಹೋದ ವರ್ಷ ಅಕ್ಕನೂ ತೀರ್ಕೊಂಡ್ಲು. ಇದ್ದ ಒಂದು ಓಟೂ ಹೋಯ್ತು. ಮತ್ಯಾಕೆ ನಿಂತ್ರಿ?"

"ಅದಕ್ಕೇ ನಿಂತೆ. ಈ ಸಲ ನಮ್ಮೂರಲ್ಲಿ ಸೊನ್ನೆ ಬರ್ಲಿ. ಆ ಓಟು ಅವಳದೇ ಆಗಿತ್ತು ಅಂತ ಎಲ್ಲಾರ್ಗೂ ಗೊತ್ತಾಗ್ಲಿ."



ಅವನ ಊರಿನ ಮತಯಂತ್ರವನ್ನು ಮೇಜಿನ ಮೇಲಿಟ್ಟು ಸೀಲು ಒಡೆದರು. ಮುದುಕ ಎದ್ದು, ಮೇಜಿಗೂ ಏಜೆಂಟರಿಗೂ ನಡುವೆ ಕಟ್ಟಿದ್ದ ತಂತಿಬಲೆಗೆ ಮುಖ ಒತ್ತಿ ನಿಂತ. ಅಧಿಕಾರಿ ಗುಂಡಿ ಒತ್ತಿ, ಒಬ್ಬೊಬ್ಬ ಅಭ್ಯರ್ಥಿಗೆ ಬಿದ್ದ ಓಟುಗಳನ್ನು ಬೇಸರದ ದನಿಯಲ್ಲಿ ಓದುತ್ತ ಹೋದರು. ಕಡೆಗೆ ಅವನ ಸರದಿ ಬಂತು.

"ಏಣಿ, ಒಂದು."