ಪೂವಯ್ಯನ ಬೊಂಬೆ

ರಾಕೆಟ್ಟಿಗೆ ಬೆಂಕಿ ಬಿದ್ದರೆ, ತುದಿಯಲ್ಲಿ ಪೈಲಟ್ ಕೂರುವ ಗೂಡನ್ನು ಕಿತ್ತು ದೂರಕ್ಕೆ ಒಯ್ದು ಇಳಿಸುವ ಯಂತ್ರವೊಂದನ್ನು ಮಾಡಿದ್ದರು. ಅದರ ಪರೀಕ್ಷೆಗೆಂದು ಪೈಲಟ್ ಪೂವಯ್ಯನ ಎತ್ತರಕ್ಕೆ, ತೂಕಕ್ಕೆ ಸರಿಯಾಗಿ ಒಂದು ಬೊಂಬೆ. ಪ್ರತಿ ಸಲವೂ ಅದಕ್ಕೆ ಅವನದೇ ದಿರಿಸು ತೊಡಿಸಿ, ಹಣೆಗೆ ಕುಂಕುಮವಿಟ್ಟು ಕೂರಿಸುತ್ತಿದ್ದರು. ಪ್ರತಿ ಸಲವೂ ಗೂಡು ನೆಲಕ್ಕಪ್ಪಳಿಸಿ ಬೊಂಬೆಯ ಕತ್ತು ಮುರಿಯುತ್ತಿತ್ತು. ಪೂವಯ್ಯ ಸುಮ್ಮನೆ ತನ್ನ ಕತ್ತು ಸವರಿಕೊಳ್ಳುತ್ತಿದ್ದ.

ಈ ಸಲ ನೋಡಲು ಮಂತ್ರಿಗಳೇ ಬಂದಿದ್ದರು. ಮೇಲಕ್ಕೆ ಚಿಮ್ಮಿದ ಗೂಡು ಪ್ಯಾರಾಚೂಟ್ ಬಿಚ್ಚಿಕೊಂಡು, ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದಷ್ಟು ಮೆಲ್ಲಗೆ ಇಳಿಯಿತು. ಮುಂದಿನ ಹಾರಾಟಕ್ಕೆ ಪೂವಯ್ಯನೇ ಹೋಗುವನೆಂದು ಮಂತ್ರಿಗಳು ಅಲ್ಲೇ ಸಾರಿಬಿಟ್ಟರು. ಚಪ್ಪಾಳೆ ಬಿತ್ತು.

ಎಷ್ಟೋ ದಿನಗಳ ಮೇಲೆ ಪೂವಯ್ಯನಿಗೆ ಹೋದ ಜೀವ ಬಂದಂತಾಯಿತು. ಬೊಂಬೆಯ ಬೆನ್ನು ತಟ್ಟಬೇಕೆನಿಸಿತು. ಓಡಿಹೋಗಿ ಗೂಡಿನ ಬಾಗಿಲು ತೆಗೆಸಿದ. ಸೀಟು ಖಾಲಿಯಿತ್ತು.

"ಎಲ್ರೀ ನನ್ನ ಬೊಂಬೆ?"

ಎಂಜಿನಿಯರ್ ಜಲಜಾಕ್ಷಿ ಮಂತ್ರಿಗಳತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಕುಂಕುಮ ಇಟ್ಟು ಶೆಡ್ಡಲ್ಲೇ ಕೂರಿಸಿದೀವಿ ಸರ್. ಅದರ ಭಾರಕ್ಕೇ ಅಲ್ವಾ, ಗೂಡು ಪ್ರತಿ ಸಲ ಬೀಳ್ತಿದ್ದಿದ್ದು."