ಹಾಲುಹಲ್ಲಿನ ಕಾಲಂ

ಬೆಟ್ಟದ ಕಡೆಯ ಹಳ್ಳಿಗಳಲ್ಲಿ ಒಂದೇ ಒಂದು ಕರುವೂ ಇಲ್ಲ ಎಂದು ಕೋಷ್ಟಕ ತೋರಿಸಿತು. ಪಶು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ಪರದೆಯನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ಸರಿಸಿ ನೋಡಿದಳು. ಹಸುಗಳಿದ್ದವು, ಎತ್ತುಗಳಿದ್ದವು. ಎರಡು ವರ್ಷದೊಳಗಿನವು ಎಷ್ಟು ಎಂದು ಕೇಳಿದರೆ ಮಾತ್ರ ಸೊನ್ನೆ.

"ಏನ್ ಕಾಲಮ್ಮಾ, ಆಯ್ತಾ?" ಕಿಟಕಿಯಾಚೆಯಿಂದ ವ್ಯಾನಿನ ಚಾಲಕ ಕೂಗಿದ. ಮಾತೆತ್ತಿದರೆ ಈ ಕಾಲಂ, ಆ ಕಾಲಂ ಎನ್ನುತ್ತಿದ್ದ ಅವಳಿಗೆ ಅವನೇ ಇಟ್ಟ ಹೆಸರು ಅದು. ಈಗ ಇಡೀ ಆಸ್ಪತ್ರೆಗೆ ಅವಳು ಕಾಲಮ್ಮ. "ಬೇರೆ ವ್ಯಾನೆಲ್ಲ ಹೊರಟು ಹೋದ್ವು. ಇಲ್ಲಿ ಐಸು ನನ್ನ ಮುಖ ನೋಡ್ಕೊಂಡು ಕರಗ್ತಾ ಇದೆ."

ಪಕ್ಕದ ಕಣಿವೆಯಲ್ಲಿ ಕರುಗಳಿಗೆ ಜ್ವರ ಶುರುವಾಗಿತ್ತು. ಅದು ಬೆಟ್ಟ ಹತ್ತುವ ಮೊದಲು ಲಸಿಕೆ ಹತ್ತಬೇಕಿತ್ತು. ಆದರೆ ಲಸಿಕೆ ಕಾಯ್ದಿಡುವ ಶೀತಲ ಕೋಣೆಯವರು ಕೋಷ್ಟಕದಲ್ಲಿ ಎಷ್ಟು ಕರುಗಳಿವೆಯೋ ಅಷ್ಟಕ್ಕೇ ಅಳೆದು ಕೊಡುವವರು. ಸೊನ್ನೆ ಎಂದರೆ ವ್ಯಾನು ಖಾಲಿ.

ದನಗಳ ವಿವರ ಒಂದೇ ಕಡೆ ಕೂಡಿಟ್ಟದ್ದಲ್ಲ. ಸಾವಿರಾರು ಹಳ್ಳಿಗಳಿಂದ ಬಂದ ಸಾಲುಗಳು ಹತ್ತಾರು ಕಂಪ್ಯೂಟರುಗಳಲ್ಲಿ, ಬೆಳಗ್ಗೆ ಮೇಯಲು ಬಿಟ್ಟ ಮಂದೆಯ ಹಾಗೆ ಚೆದುರಿಕೊಂಡಿದ್ದವು. ಊರು ಯಾವುದು, ಬಣ್ಣ ಯಾವುದು, ವಯಸ್ಸು ಯಾವುದು ಎಂಬುದು ಯಂತ್ರಕ್ಕೆ ತಾನಾಗಿ ತಿಳಿಯದು. ಒಂದೊಂದಕ್ಕೂ ಗೂಟ ಹೊಡೆದು, ಇದು ಅಕ್ಷರ, ಇದು ಅಂಕಿ ಎಂದು ಹೇಳಿ ಕಟ್ಟಿಹಾಕುವುದು ಅವಳ ಕೆಲಸ. ವಯಸ್ಸು ಅಂಕಿ ಎಂದು ಬರೆದಿದ್ದಳು. ಅದರಲ್ಲಿ ಯೋಚಿಸುವಂಥದ್ದೇನೂ ಅವಳಿಗೆ ಕಂಡಿರಲಿಲ್ಲ.

ಡಾಕ್ಟರು ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. ಪರದೆ ನೋಡಿದರು.

"ಹಾಲು ಕೊಡೋ ಹಸು ಎಷ್ಟಿವೆ ಅಲ್ಲಿ?"

"ಇನ್ನೂರ ಚಿಲ್ಲರೆ ಸಾರ್."

"ಕರು ಹಾಕದೇ ಹಾಲು ಕೊಡ್ತಾವಾ? ಅಂಥ ತಳಿ ಇದ್ರೆ ಹೇಳಮ್ಮ, ನಮ್ಮನೇಲೂ ಒಂದು ಕಟ್ಕೋತೀನಿ."

ಅವಳಿಗೆ ನಗು ಬರಲಿಲ್ಲ. "ಇನ್ನೊಂದು ನೋಡಿ ಸಾರ್. ಆ ಕಡೆ ವಯಸ್ಸು ಬರೀ ಎರಡು, ನಾಲ್ಕು, ಆರು, ಎಂಟು. ಮೂರರದ್ದಿಲ್ಲ, ಐದರದ್ದಿಲ್ಲ. ಎಂಟು ದಾಟಿದ್ದೂ ಇಲ್ಲ. ಇನ್ನು ಎಷ್ಟೋ ಸಾಲಲ್ಲಿ ವಯಸ್ಸೇ ಖಾಲಿ. ಅಲ್ಲೇನು ವರ್ಷ ಬಿಟ್ಟು ವರ್ಷ ಹುಟ್ತಾವಾ?"

ಡಾಕ್ಟರ ಕೈಯಲ್ಲಿ ಟವೆಲು ನಿಂತಿತು. "ಕೋಷ್ಟಕ ಬಿಡು. ಕಟ್ಟೋಕೆ ಮುಂಚೆ ಬೆಟ್ಟದ ಪಶು ಕೇಂದ್ರದವರು ಬರೆದಿದ್ದು ಹೇಗಿತ್ತೋ ಹಾಗೇ ತೋರಿಸು."

ಅವಳು ಮೂಲ ಸಾಲುಗಳನ್ನು ತೆರೆದಳು. ಕಪ್ಪು, ಹೆಣ್ಣು, ಹಾಲುಹಲ್ಲು. ಕೆಂದ, ಗಂಡು, ಹಾಲುಹಲ್ಲು. ಅದರ ಕೆಳಗೂ ಹಾಲುಹಲ್ಲು, ಅದರ ಕೆಳಗೂ.

ಡಾಕ್ಟರು ಸ್ಟೂಲಿನ ಮೇಲೆ ಕೂತು ಹೊಟ್ಟೆ ಕುಲುಕಿಸಿ ನಕ್ಕರು. "ಹಲ್ಲು ಕಣಮ್ಮಾ! ವರ್ಷ ಅಲ್ಲ, ಬಾಯೊಳಗಿನ ಹಲ್ಲು. ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರೋದು ಜೋಡಿ ಜೋಡಿಯಾಗಿ. ಎಂಟು ಬಂದ್ರೆ ಬಾಯಿ ಕೂಡಿತು, ಆಮೇಲೆ ಎಣಿಸೋಕೆ ಏನೂ ಇಲ್ಲ. ಎರಡು ವರ್ಷ ಆಗೋವರೆಗೂ ಹಾಲುಹಲ್ಲೇ."

"ವಯಸ್ಸು ಎಷ್ಟು ಅಂತ ಕೇಳಿದ್ರೆ ಹಲ್ಲು ಬರೀತಾರಾ?"

"ದನದ ಯಜಮಾನ ಹೇಳಿದ್ದನ್ನ ನಂಬಬೇಡಿ, ಬಾಯಿ ತೆಗೆಸಿ ನೋಡಿ ಬರೀರಿ ಅಂತ ಅವರಿಗೆ ಹೇಳಿದ್ದು ಯಾರು ಅಂದ್ಕೊಂಡೆ?" ಡಾಕ್ಟರು ತಮ್ಮ ಎದೆಯನ್ನೇ ತಟ್ಟಿಕೊಂಡರು. "ನೋಡಿದ್ದನ್ನ ನೋಡಿದ ಹಾಗೇ ಬರೆದಿದ್ದಾರೆ, ಪಾಪ."

"ನಾನು ಅಂಕಿ ಅಂದೆ. ಅಂಕಿ ಅಲ್ಲದ್ದನ್ನೆಲ್ಲ ಯಂತ್ರ ಖಾಲಿ ಮಾಡ್ಬಿಡ್ತು."

"ಸೂಜಿ ಬೇಕಾದವನ್ನೇ ಹುಡುಕಿ ಹುಡುಕಿ ಆಚೆ ಓಡಿಸಿದೀರಿ, ನೀನೂ ನಿನ್ನ ಯಂತ್ರನೂ."

"ಹಲ್ಲು ಎಣಿಸೋದು ಆಗಿದ್ರೆ ನಂದೂ ಒಂದ್ಸಲ ನೋಡ್ಬಿಡಿ ಸಾರ್," ಎಂದ ಕಿಟಕಿಯಾಚೆಯಿಂದ ಚಾಲಕ. "ಕಾಯ್ತಾ ಕಾಯ್ತಾ ಉದುರೋ ಹಾಗಾಗಿದೆ."

ಅವಳು ಬರೆದದ್ದನ್ನು ಅಳಿಸಿದಳು. ಬೆಟ್ಟದ ಕೇಂದ್ರಗಳಿಂದ ಬಂದ ಸಾಲುಗಳಿಗೆ 'ಹಲ್ಲು' ಎಂದು ಬೇರೆಯೇ ಗೂಟ ಹೊಡೆದು, ಇದು ಅಕ್ಷರ ಎಂದಳು. ಅಲ್ಲಿ ಹಾಲುಹಲ್ಲು ಎಂದಿದ್ದರೆ ಎರಡು ವರ್ಷದೊಳಗೆ ಎಣಿಸು ಎಂದೂ ಸೇರಿಸಿ, ಚೆದುರಿದ ಕಂಪ್ಯೂಟರುಗಳಿಗೆಲ್ಲ ಕೆಲಸ ಮತ್ತೆ ಕಳಿಸಿದಳು. ಆಮೇಲೆ ಪರದೆ ತುಂಬತೊಡಗಿತು. ಕಪ್ಪು, ಕೆಂದ, ಬಿಳಿ, ಮಚ್ಚೆಯವು. ಡಾಕ್ಟರು ಬೆರಳಿಟ್ಟು ಒಂದೊಂದೇ ಊರಿನ ಹೆಸರು ಓದಿದರು. ಕರುವಿಲ್ಲದ ಊರು ಒಂದೂ ಉಳಿಯಲಿಲ್ಲ. ಶೀತಲ ಕೋಣೆಯವರು ಪೆಟ್ಟಿಗೆ ತುಂಬಿ ಕೊಟ್ಟರು.

ಚಾಲಕ ವ್ಯಾನಿನ ಬಾಗಿಲು ಹಾಕಿಕೊಂಡು ತಲೆ ಹೊರಗಿಟ್ಟ. "ಕಾಲಮ್ಮಾ, ನಿನ್ನ ಕಂಪ್ಯೂಟರು ಈದಿದ್ದು ತಡವಾದ್ರೂ ಚಿಂತೆಯಿಲ್ಲ, ಹೆರಿಗೆ ಸುಸೂತ್ರ!" ಈ ಸಲ ಅವಳೂ ನಕ್ಕಳು.

ಮರುದಿನ ಮಧ್ಯಾಹ್ನ ಬೆಟ್ಟದಿಂದ ಹೊಸ ಸಾಲುಗಳು ಬಂದವು. ಲಸಿಕೆ ಹಾಕಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಬರೆದು ಕಳಿಸಿ ಎಂದು ಹೇಳಿಯಾಗಿತ್ತು. ಅವಳು ಹೊಸ ಕಾಲಮ್ಮಿಗೆ 'ಲಸಿಕೆ' ಎಂದು ಹೆಸರಿಟ್ಟು, ಅದರ ಮುಂದೆ 'ಅಂಕಿ' ಎಂದು ಬರೆಯಲು ಹೊರಟವಳು, ಯಾವುದಕ್ಕೂ ಇರಲಿ ಎಂದು ಮೊದಲ ಸಾಲನ್ನು ತೆರೆದು ನೋಡಿದಳು.

ಬಿಳಿ, ಹೆಣ್ಣು, ಹಾಲುಹಲ್ಲು, ಹಾಕಿದೆ, ಮೊದಲು ಒದೆಯಿತು, ಆಮೇಲೆ ಕೈ ನೆಕ್ಕಿತು.