ತಂತಿ ಹಿಡಿದ ಕೈಗಳು

ಹಾಸ್ಟೆಲಿನ ಹುಡುಗಿಯೊಬ್ಬಳು ಜೋಪಾನವಾಗಿಡಲು ವಾರ್ಡನ್ ಕೈಗೆ ಕೊಟ್ಟಿದ್ದ ಚಿನ್ನದ ಸರ ಕಾಣೆಯಾಗಿತ್ತು. ಫಿಸಿಕ್ಸ್ ಮೇಷ್ಟ್ರು ಲ್ಯಾಬಿನ ಮೇಜಿನ ಮೇಲೆ ಬ್ಯಾಟರಿಗೂ ಮೀಟರಿಗೂ ಎರಡು ತಂತಿ ಜೋಡಿಸಿಟ್ಟಿದ್ದರು. ಹುಡುಗಿಯರನ್ನೆಲ್ಲ ಅದರ ಮುಂದೆ ಸಾಲಾಗಿ ನಿಲ್ಲಿಸಿ ವಾರ್ಡನ್ ಬಾಗಿಲಿಗೆ ಚಿಲಕ ಹಾಕಿದರು.

“ಕದ್ದವಳ ಕೈ ಬೆವರುತ್ತೆ. ಬೆವರಿದರೆ ಕರೆಂಟ್ ಜಾಸ್ತಿ ಹರಿಯುತ್ತೆ, ರೋಧ ಇಳಿಯುತ್ತೆ. ಯಾರ ರೋಧ ಎಲ್ಲರಿಗಿಂತ ಕಡಿಮೆಯೋ ಅವಳು ಇವತ್ತೇ ಹಾಸ್ಟೆಲ್ ಬಿಡಬೇಕು.”

“ಶಾಕ್ ಹೊಡೆಯಲ್ವಾ ಮೇಡಂ?”

“ಬರೀ ಒಂಬತ್ತು ವೋಲ್ಟ್ ಕಣ್ರೇ. ನೋಡಿ, ನಾನೇ ಮೊದಲು ಹಿಡೀತೀನಿ.”

ಅವರು ತಂತಿಗಳನ್ನು ಹಿಡಿದರು. ಮೀಟರಿನ ಮುಳ್ಳು ನಿದ್ದೆಯಿಂದೆದ್ದ ಹಾವಿನಂತೆ ತಲೆಯೆತ್ತಿತು. ಮೇಷ್ಟ್ರು ಬೋರ್ಡಿನ ಮೇಲೆ ‘ವಾರ್ಡನ್: 0.9 ಮಿಲಿ ಆಂಪಿಯರ್’ ಎಂದು ಬರೆದರು.

“ನಂದು ಬಿಡಿ ಸರ್, ಹುಡುಗೀರ್ದು ಲೆಕ್ಕ ಮಾಡಿ.”

ಒಬ್ಬೊಬ್ಬರಾಗಿ ಬಂದು ಹಿಡಿದರು. ಒಂಬತ್ತನ್ನು ಕರೆಂಟಿನಿಂದ ಭಾಗಿಸುತ್ತ ಮೇಷ್ಟ್ರು ಬರೆಯುತ್ತಾ ಹೋದರು. ಮೂವತ್ತು ಸಾವಿರ ಓಮ್, ನಲವತ್ತೈದು ಸಾವಿರ, ಮೂವತ್ತಾರು ಸಾವಿರ. ಕೊನೆಗೆ ಅಡುಗೆಯವಳ ಮಗಳು ತುಂಗಾ ಹಿಡಿದಳು. ಇಪ್ಪತ್ತು ಸಾವಿರ.

“ನಂಗೊತ್ತಿತ್ತು! ಟ್ರಂಕ್ ಎತ್ಕೊಂಡು ನಡಿ.”

“ಹೆದರಿಕೆಗೂ ಬೆವರುತ್ತೆ ಮೇಡಂ…”

“ಲೆಕ್ಕ ಸುಳ್ಳು ಹೇಳಲ್ಲ ಕಣೇ.”

ತುಂಗಾ ಕಣ್ಣೊರೆಸಿಕೊಂಡು ಸೀಮೆಸುಣ್ಣ ತೆಗೆದುಕೊಂಡಳು. ಬೋರ್ಡಿನ ಮೊದಲ ಸಾಲಿನ ಪಕ್ಕದಲ್ಲಿ ಒಂಬತ್ತನ್ನು ಭಾಗಿಸಿ ಉತ್ತರ ಬರೆದಳು: ಹತ್ತು ಸಾವಿರ.